ಸೆರಗಿಲ್ಲದ ಸೀರೆ

ಹತ್ತು ಮೈಲಿಯಾಚೆ ಹುಟ್ಟಿದ ಯಾವ ವಸ್ತುವೂ ಊರೊಳಗೆ ಬರಬಾರದೆಂಬ ಕಾನೂನಿಗೆ ಆರು ವರ್ಷ ತುಂಬಿತ್ತು. ಇಳಕಲ್ಲಿನಲ್ಲಿ ಹತ್ತಿಯೇನೋ ಸಿಗುತ್ತಿತ್ತು, ರೇಷ್ಮೆ ಇರಲಿಲ್ಲ. ಕೆಂಪು ರೇಷ್ಮೆಯ ಸೆರಗಿನ ಜಾಗದಲ್ಲಿ ಹತ್ತಿಯದನ್ನು ನೇಯಲು ನೇಕಾರರು ಸುತರಾಂ ಒಪ್ಪಲಿಲ್ಲ. ಸೀರೆಯ ಒಡಲನ್ನಷ್ಟೇ ನೇಯ್ದು, ಸೆರಗು ಜೋಡಿಸುವ ಎಳೆಗಳನ್ನು ಹಾಗೆಯೇ ಇಳಿಬಿಡುತ್ತಿದ್ದರು. ಹೆಂಗಸರು ಅದನ್ನೇ ಉಡುತ್ತಿದ್ದರು.

ನೇಕಾರಗಿತ್ತಿ ನೀಲವ್ವನ ತಮ್ಮ ರೇಷ್ಮೆ ಹಿಡಿದುಕೊಂಡು ಗಡಿಗಲ್ಲಿನ ಆಚೆ ನಿಂತಿದ್ದ. ಈಚೆ ನೀಲವ್ವ, ನಡುವೆ ಕಾವಲುಗಾರ.

"ಮಗಳ ಮದಿವಿ ಐತೋ ಯಪ್ಪಾ. ಒಂದ ಸೆರಗಿಗಾಗೋವಷ್ಟರ ಬಿಡು."

"ನನ್ನ ಹೇಣ್ತಿನೂ ಸೆರಗಿಲ್ದ ಅದಾಳಬೇ. ನಾ ಏನ್ ಮಾಡ್ಲಿ?"

ಇನ್ನು ಉಳಿದದ್ದು ಸೆರಗೊಡ್ಡಿ ಬೇಡುವುದೊಂದೇ. ನೀಲವ್ವ ಹೆಗಲಿಗೆ ಕೈಹಾಕಿದಳು. ಬೆರಳಿಗೆ ಸಿಕ್ಕಿದ್ದು ಜೋತಾಡುವ ಬರಿಯ ಎಳೆಗಳು.