ಬಿಳಿ ಟವೆಲಿನ ಕುರ್ಚಿ

ಆಫೀಸಿನ ಚಾಟ್ ಗ್ರೂಪಿನೊಳಗೇ ನಾನೊಂದು ಆಪ್ ಕಟ್ಟಿದೆ. ಇವತ್ತು ಆಫೀಸೋ ಮನೆಯೋ ಅಂತ ಒತ್ತಿದರೆ ಸಾಕು, ಬಂದವರಿಗೆ ಆಪೇ ಕುರ್ಚಿ ಹಂಚುತ್ತದೆ; ಏನಾದರೂ ಕೇಳಿದರೆ ಗ್ರೂಪಿನಲ್ಲೇ ಉತ್ತರವನ್ನೂ ಕೊಡುತ್ತದೆ. ಹೊಸದಾಗಿ ಮ್ಯಾನೇಜರ್ ಆಗಿದ್ದ ಚಿದಾನಂದಯ್ಯನವರಿಗೆ ಮಾತ್ರ ನಂಬಿಕೆ ಬರಲಿಲ್ಲ. ಫೋನ್ ಮಾಡಿದರು.

"ಆಫೀಸ್ ಅಂತ ಒತ್ಬಿಟ್ಟು ಮನೇಲಿ ಮಲಗ್ತಾರೆ ಕಣಯ್ಯ. ಬಂದೋರು ಕುರ್ಚೀಲಿ ಕೂತು ಫೋಟೋ ಹಾಕ್ಲಿ. ಸುಳ್ಳು ಹೇಳಿದ್ರೆ ಮನೆಯಿಂದ ಕೆಲಸ ಬಂದ್!"

"ಆಯ್ತು ಸಾರ್."

"ತಿಂಗಳಾದ್ರೂ ಫೋಟೋ ಹಾಕ್ದಿದ್ರೆ ಅವರ ಹೆಸರಲ್ಲಿರೋ ಕುರ್ಚಿ ಬೇರೆಯೋರಿಗೆ ಕೊಟ್ಬಿಡು."

"ಯಾರದಾದ್ರೂನಾ ಸಾರ್?"

"ಯಾರದಾದ್ರೂ! ದಾಕ್ಷಿಣ್ಯ ಬೇಡ." ಅವರ ಹಿಂದೆ ಕುಕ್ಕರ್ ಎರಡು ಸಲ ಕೂಗಿತು.

ಹೇಳಿದಂತೆ ಮಾಡಿದೆ. ಒಂದೂವರೆ ತಿಂಗಳಿಗೆ ಮತ್ತೆ ಫೋನ್ ಬಂತು.

"ಸಿಕ್ಕಿಬಿದ್ರಿ! ಸೋಮವಾರ ನಾಗವೇಣಿ, ಮಂಗಳವಾರ ಇರ್ಫಾನ್, ಇವತ್ತು ನೀನು. ಮೂರು ಫೋಟೋದಲ್ಲೂ ಅದೇ ಕುರ್ಚಿ, ಅದೇ ಬಿಳಿ ಟವೆಲ್. ಯಾರ ಮನೇಲಯ್ಯ ತೆಗೆದಿದ್ದು?"

"ಅಯ್ಯೋ, ಆಫೀಸೇ ಸಾರ್."

"ಹಾಗಾದ್ರೆ ಯಾರ ಕುರ್ಚಿ ಅದು?"

"ಆಪನ್ನೇ ಕೇಳಿ ಸಾರ್. ನಾನು ಹೇಳಿದ್ರೆ ನೀವು ನಂಬಲ್ಲ."

"ಕೇಳ್ತೀನಿ. ಎಂಡಿ ಇರೋ ಗ್ರೂಪಲ್ಲೇ ಕೇಳ್ತೀನಿ. ನಿಮ್ಮ ಬಣ್ಣ ಎಲ್ರಿಗೂ ಗೊತ್ತಾಗ್ಲಿ!"

ಕೇಳಿದರು. ಎಂಡಿಯೂ ಸೇರಿ ನೂರಾ ನಲವತ್ತು ಜನರ ಮುಂದೆ ಆಪ್ ತಕ್ಷಣ ಉತ್ತರ ಕೊಟ್ಟಿತು:

"ಇದು ಮ್ಯಾನೇಜರ್ ಚಿದಾನಂದಯ್ಯನವರ ಕುರ್ಚಿ. ದಿನಾ 'ಆಫೀಸ್' ಒತ್ತಿದ್ದಾರೆ, ಇನ್ನೂ ಒಂದು ಸಲವೂ ಕೂತಿಲ್ಲ."