ಕೇಳಿಸಿದರೆ ಕೈ ಎತ್ತಿ

ಕಾರು ಒಂದು ಮಾರು ದೂರದಲ್ಲೇ ಹಾದು ಹೋದರೂ ಆಕೆ ಕೈ ಎತ್ತಲಿಲ್ಲ. ಎರಡನೆಯ ಸಲವೂ ಅಷ್ಟೇ. ಕಾರ್ಖಾನೆಯ ಹಿಂದಿನ ಪರೀಕ್ಷಾ ರಸ್ತೆಯ ಬದಿಗೆ ಎಳೆದಿದ್ದ ಸುಣ್ಣದ ಗೆರೆಯ ಮೇಲೆ, ಬಿಳಿ ಕೋಲನ್ನು ಎದೆಗೆ ಒತ್ತಿಕೊಂಡು ಆಕೆ ನಿಂತಿದ್ದಳು. ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್. "ಹಲೋ" ಎನ್ನುವಷ್ಟರಲ್ಲಿ ಆ ಕಡೆಯವರು ಯಾರೆಂದು ಹೇಳಬಲ್ಲ ಕಿವಿ. ಅಂಧರ ಸಂಘ ಆಕೆಯನ್ನೇ ಕಳಿಸಿದ್ದೂ ಅದಕ್ಕೇ. ಹೊಸ ಹೈಬ್ರಿಡ್ ಕಾರಿನ ಸದ್ದು ಕೇಳಿಸುತ್ತದೆ ಎಂದು ಆಕೆ ಸಹಿ ಹಾಕಿದರೆ ಕಾರು ಹೀಗೇ ರಸ್ತೆಗಿಳಿಯುತ್ತದೆ. ಇಲ್ಲವಾದರೆ ಪ್ರತಿಯೊಂದು ಕಾರಿಗೂ ಸದ್ದು ಮಾಡುವ ಪೆಟ್ಟಿಗೆ ಕೂರಿಸಬೇಕು.

"ಸ್ವಲ್ಪ ಗಮನ ಕೊಟ್ಟು ಕೇಳಿಸ್ಕೊಳ್ಳಿ ಮೇಡಂ," ಎಂದ ಮ್ಯಾನೇಜರ್.

"ಕೇಳಿಸ್ಕೊಳ್ಳೋಕೆ ಅಲ್ಲೇನಾದ್ರೂ ಇರ್ಬೇಕಲ್ಲ ಸರ್. ಇಂಜಿನ್ ಇದೆಯಾ, ಇಲ್ಲ ಮನೇಲೇ ಬಿಟ್ಟು ಬಂದಿದ್ದೀರಾ?"

"ಇದೆ. ನಿಧಾನಕ್ಕೆ ಹೋಗುವಾಗ ಬರೀ ಬ್ಯಾಟರೀಲಿ ಓಡುತ್ತೆ. ವೇಗ ಹೆಚ್ಚಾದ್ಮೇಲೆ ಇಂಜಿನ್ ಶುರುವಾಗುತ್ತೆ."

"ನಾವು ರಸ್ತೆ ದಾಟೋದು ಗಾಡಿಗಳು ನಿಧಾನಕ್ಕೆ ಹೋಗೋ ಕಡೇನೇ. ಪೆಟ್ಟಿಗೆ ಹಾಕೋಕೇನು ಕಷ್ಟ?"

"ಪೆಟ್ಟಿಗೆ ಇರೋದು ಪೂರ್ತಿ ಎಲೆಕ್ಟ್ರಿಕ್ ಕಾರಿಗೆ. ಆ ಕಾರು ಬರೋದು ಇನ್ನು ಮೂರು ವರ್ಷಕ್ಕೆ. ಮೊದಲು ಹೈಬ್ರಿಡ್, ಆಮೇಲೆ ಎಲೆಕ್ಟ್ರಿಕ್, ಕಂಪನಿ ಯೋಜನೆನೇ ಹಾಗೆ. ಕಾಗದಪತ್ರದ ಪ್ರಕಾರ ಇದು ಪೆಟ್ರೋಲ್ ಕಾರು."

"ದಿನಾ ಬೆಳಿಗ್ಗೆ ರೇಡಿಯೋದಲ್ಲಿ ಕರೆಂಟ್ ಕಾರು ಬಂತು, ಕರೆಂಟ್ ಕಾರು ಬಂತು ಅಂತ ಬಡ್ಕೊಳ್ತಿದ್ದೀರಲ್ಲ!" ಆಕೆಯ ದನಿ ಏರಿತು. "ಮಾರೋವಾಗ ಕರೆಂಟು, ನಮ್ಮ ಪಾಲಿಗೆ ಮಾತ್ರ ಪೆಟ್ರೋಲಾ? ನಾಚಿಕೆ ಆಗಲ್ವಾ ಸರ್?"

ಮ್ಯಾನೇಜರ್ ಗಡಿಯಾರ ನೋಡಿಕೊಂಡ. "ಇನ್ನೊಂದೇ ಒಂದು ಸಲ," ಎಂದು ದೂರದಲ್ಲಿದ್ದ ಡ್ರೈವರ್‌ಗೆ ಸನ್ನೆ ಮಾಡಿದ.

ಈ ಸಲ, ಕಾರು ಇನ್ನೂ ಹತ್ತು ಹೆಜ್ಜೆ ಆಚೆ ಇರುವಾಗಲೇ, ಆಕೆ ತಟ್ಟನೆ ಕೈ ಎತ್ತಿದಳು.

"ಶಹಬ್ಬಾಸ್! ನಾನು ಹೇಳ್ಲಿಲ್ವಾ?" ಮ್ಯಾನೇಜರ್ ಆಕೆಯ ಕೈಗೆ ಪೆನ್ನು ಕೊಟ್ಟು, ಸಹಿಯ ಜಾಗಕ್ಕೆ ಬೆರಳನ್ನೂ ತಾನೇ ಒಯ್ದು ಮುಟ್ಟಿಸಿದ.

ಆಕೆಗೆ ಕೇಳಿಸಿದ್ದು ಕಾರಲ್ಲ. ಗಾಜು ಇಳಿಸಿದ್ದ ಕಿಟಕಿಯೊಳಗಿಂದ ಯಾರೋ ಮೆಲ್ಲಗೆ ಕೆಮ್ಮಿದ್ದರು. ಬೆಳಿಗ್ಗೆ ಗೇಟಿನಿಂದ ಇಲ್ಲಿಯವರೆಗೆ, "ಎಡಕ್ಕೊಂದು ಗುಂಡಿ ಇದೆ ಅಕ್ಕ, ನಿಧಾನ," ಎನ್ನುತ್ತ ಜೊತೆಗೆ ಬಂದಿದ್ದ ಡ್ರೈವರ್‌ನ ಗಂಟಲೇ ಅದು. ಎರಡು ಸಲ ಆಕೆಯ ಪಕ್ಕದಲ್ಲೇ ಸದ್ದಿಲ್ಲದೆ ಹಾದು ಹೋಗಿದ್ದವನಿಗೆ ಮೂರನೆಯ ಸಲ ಜೀವ ತಡೆದಿರಲಿಲ್ಲ. ನಿಜ ಹೇಳಿದರೆ ಅವನ ಕೆಲಸ ಹೋದೀತು. ಹೇಳದೆ ಸಹಿ ಹಾಕಿದರೆ, ಸಂಘದವರೆಲ್ಲ ನಾಳೆಯಿಂದ ಯಾವ ಧೈರ್ಯದಲ್ಲಿ ರಸ್ತೆಗೆ ಕಾಲಿಡಬೇಕು?

"ಯಾಕೆ ಮೇಡಂ, ಪೆನ್ನು ಓಡ್ತಾ ಇಲ್ವಾ?"

"ಪೆನ್ನು ಓಡುತ್ತೆ ಸರ್. ಕೈ ಓಡ್ತಾ ಇಲ್ಲ."

ಕಾರಿನ ಬಾಗಿಲು ತೆರೆದ ಸದ್ದಾಯಿತು. ಡ್ರೈವರ್ ಇಳಿದು ಬಂದ.

"ಕೆಮ್ಮಿದ್ದು ನಾನು ಸರ್. ಅಕ್ಕನಿಗೆ ಗೊತ್ತಾಗ್ಲಿ ಅಂತ. ಕಾರಿಗಂತೂ ಕೆಮ್ಮೋಕೆ ಬರಲ್ವಲ್ಲ."

ಮ್ಯಾನೇಜರ್‌ನ ಮುಖ ಕೆಂಪೇರಿತು. "ನಿಮ್ಮನ್ನ ಇಟ್ಕೊಂಡಿರೋದು ಓಡಿಸೋಕೆ ಕಣ್ರೀ, ಕೆಮ್ಮೋಕಲ್ಲ! ಹೋಗಿ, ಗಾಜು ಏರಿಸಿ, ಬಾಯಿ ಮುಚ್ಕೊಂಡು ಇನ್ನೊಂದು ಸಲ ತನ್ನಿ."

"ತರಲ್ಲ ಸರ್. ಬೇಕಾದ್ರೆ ಮನೆಗೆ ಕಳಿಸಿ."

"ಸರ್, ಹಾಗಾದ್ರೆ ನೀವು ಮಾರೋ ಒಂದೊಂದು ಕಾರಿಗೂ ಇಂಥ ಒಬ್ಬ ಅಣ್ಣನ್ನ ಜೊತೆಗೆ ಕೊಡ್ತೀರಾ?" ಆಕೆ ಕೇಳಿದಳು.

ಸುತ್ತ ನಿಂತಿದ್ದ ಕೆಲಸಗಾರರಲ್ಲಿ ಯಾರೋ ಕಿಸಕ್ಕೆಂದರು. ಅದು ಮ್ಯಾನೇಜರ್‌ಗೆ ನಾಟಿತು. "ಸರಿಯಾಗಿ ಕೇಳಿಸ್ಕೊಂಡ್ರೆ ಎಂಥವರಿಗೂ ಕೇಳಿಸುತ್ತೆ! ಆರು ತಿಂಗಳಿಂದ ನಾನೇ ಕೇಳ್ತಿದ್ದೀನಿ!"

"ನೀವು ಕಣ್ಣಲ್ಲಿ ಕೇಳ್ತಿದ್ದೀರಿ ಸರ್. ಬನ್ನಿ, ನನ್ನ ಜಾಗಕ್ಕೆ." ಆಕೆ ಕೋಲು ಊರಿಕೊಂಡು ಗೆರೆಯಿಂದ ಪಕ್ಕಕ್ಕೆ ಸರಿದಳು.

ಅಷ್ಟು ಜನರ ಎದುರು ಹಿಂದೆ ಸರಿಯುವುದು ಅವನಿಗೆ ಸಾಧ್ಯವಾಗಲಿಲ್ಲ. ಜೇಬಿನಿಂದ ಕರವಸ್ತ್ರ ತೆಗೆದು ಕಣ್ಣಿಗೆ ಬಿಗಿದುಕೊಂಡ. ಗೆರೆಯ ಮೇಲೆ ನಿಂತು, "ಈಗ ತನ್ನಿ, ನೋಡೋಣ!" ಎಂದು ಕೂಗಿದ.

ಯಾರೂ ಉಸಿರೆತ್ತಲಿಲ್ಲ. ಮ್ಯಾನೇಜರ್ ಕತ್ತನ್ನು ಬಲಕ್ಕೆ ತಿರುಗಿಸಿದ, ಎಡಕ್ಕೆ ತಿರುಗಿಸಿದ. ಎಡಗಾಲು ತಾನಾಗಿ ಒಂದು ಹೆಜ್ಜೆ ಹಿಂದೆ ಹೋಯಿತು. ಹಣೆಯ ಬೆವರು ಕರವಸ್ತ್ರಕ್ಕೆ ಇಳಿಯಿತು. ಒಮ್ಮೆಗೇ ಕೈಯನ್ನು ಮೇಲಕ್ಕೆ ಚಾಚಿ, "ಬಂತು! ಕೇಳಿಸ್ತು, ಕೇಳಿಸ್ತು!" ಎಂದ.

"ಎಲ್ಲಿದೆ ಅಣ್ಣ ಕಾರು?" ಆಕೆ ಪಿಸುಗುಟ್ಟಿದಳು.

ಪಕ್ಕದಲ್ಲೇ ನಿಂತಿದ್ದ ಡ್ರೈವರ್ ಕಾರಿನ ಕೀಲಿಕೈಯನ್ನು ಆಕೆಯ ಅಂಗೈಯಲ್ಲಿಟ್ಟ.