ಹಸಿರು ಮುಖದ ಹೆಣ್ಣು

"ಕಳ್ಳ ಇಂಕು ಮಾರಿದೀಯ ಕಣಯ್ಯ! ನನ್ನ ಮಗಳ ಮುಖ ಹಾಗಲಕಾಯಿ ಹಂಗೆ ಹಸಿರಾಗೈತೆ, ನೋಡು!" ಎಂದು ಕೆಂಚಪ್ಪ, ಮನೆಗೆ ಕರೆಸಿದ್ದ ಪ್ರಿಂಟರ್ ರಿಪೇರಿಯವನ ಮೂಗಿಗೆ ಫೋಟೊ ಹಿಡಿದು ಕೂಗಾಡಿದ. ಗಂಡಿನ ಕಡೆಯವರು ಮಧ್ಯಾಹ್ನದ ಬಸ್ಸಿಗೇ ಹೆಣ್ಣಿನ ಫೋಟೊ ಕಳಿಸಿ ಎಂದಿದ್ದರು.

"ಇಂಕು ಸರಿಯಾಗೇ ಐತೆ, ಕೆಂಪು ಇಳೀತಿಲ್ಲ ಅಷ್ಟೆ," ಎನ್ನುತ್ತ ಅವನು ಪ್ರಿಂಟರಿನಿಂದ ಬಣ್ಣದ ಡಬ್ಬಿ ಹೊರತೆಗೆದ. ಇಂಕು ಇಳಿಯುವ ಬಾಯಿಗೆ ಅರಿಶಿನ ಕುಂಕುಮ ಗಟ್ಟಿಯಾಗಿ ಮೆತ್ತಿತ್ತು.

"ಇದೇನು ಯಜಮಾನ್ರೆ?"

"ಆಯುಧಪೂಜೇಲಿ ಇಟ್ಟಿದ್ದು. ಬರೀ ಮುಚ್ಚಳಕ್ಕಿಟ್ರೆ ದೇವರು ಒಪ್ತಾನಾ?" ಎಂದ ಕೆಂಚಪ್ಪ, ದನಿ ತಗ್ಗಿಸಿ.

"ದೇವರು ಒಪ್ಪಿದ್ರೆ ಸಾಕಾ, ಮಿಷನ್ನು ಒಪ್ಪಬೇಡ್ವಾ?"

ಅವನು ಬಿಸಿನೀರಿನ ಬಟ್ಟೆ ಹಿಡಿದು ಒಂದು ಗಂಟೆ ಒರೆಸಿದ. ಕೊನೆಗೆ ಹಾಳೆಯ ಮೇಲೆ ಕೆಂಪು ಗೆರೆ ನೆಟ್ಟಗೆ ಮೂಡಿತು. ಕೆಂಚಪ್ಪನಿಗೆ ಹೋದ ಜೀವ ಬಂದಂತಾಯಿತು.

"ಬೇಗ ಫೋಟೊ ಪ್ರಿಂಟ್ ಹಾಕ್ಕೊಳ್ಳಿ, ಬಸ್ಸು ಬರೋ ಹೊತ್ತಾಯ್ತು," ಎಂದು ರಿಪೇರಿಯವನು ಕೈ ತೊಳೆಯಲು ಹಿತ್ತಲಿಗೆ ಹೋದ.

ಅವನು ಒಳಗೆ ಬರುವಷ್ಟರಲ್ಲಿ ಕೆಂಚಪ್ಪ ಡಬ್ಬಿಯನ್ನು ಮತ್ತೆ ಹೊರತೆಗೆದು, "ಸತ್ತು ಬದುಕಿದ ಮಿಷನ್ನು, ಹಂಗೇ ಚಾಲೂ ಮಾಡಬಾರದು," ಎಂದು ಅದರ ಬಾಯಿಗೆ ಭಕ್ತಿಯಿಂದ ಕುಂಕುಮ ಇಡುತ್ತಿದ್ದ. ರಿಪೇರಿಯವನು ಚಪ್ಪಲಿ ಕೈಯಲ್ಲೇ ಹಿಡಿದು ಹೊರಬಿದ್ದವನು ತಿರುಗಿ ಬರಲಿಲ್ಲ.